ಹೆಸರಿನ ಸ್ವಾಮ್ಯ: ಕಾರವಾರದ ಕೋಠಿ ಮತ್ತು ಅಂಕೋಲೆಯ ಕರಿ ಇಶಾಡು

ತಾನು ಬಯಸಿದ ಹೆಸರನ್ನು ಅನ್ಯನು ಮೊದಲೇ ಹಿಡಿದಿದ್ದರೆ ನ್ಯಾಯವು ಯಾರ ಪಕ್ಷದಲ್ಲಿ ನಿಲ್ಲುತ್ತದೆ? ಈ ಪ್ರಶ್ನೆಯನ್ನು ಅಂತರ್ಜಾಲವು ತೀವ್ರಗೊಳಿಸಿದೆಯಾದರೂ ಇದರ ಬೇರು ಹಳೆಯದು. ೧೬೦೦ರ ಸನ್ನದಿನಿಂದ ಪೂರ್ವದೇಶದ ವ್ಯಾಪಾರವು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವಾಗಿತ್ತು. ಆದರೂ ಒಂದನೆಯ ಚಾರ್ಲ್ಸ್ ದೊರೆಯು ೧೬೩೫ರಲ್ಲಿ ವಿಲಿಯಂ ಕೋರ್ಟೀನನ ಸಂಘಕ್ಕೂ ಅಪ್ಪಣೆಯಿತ್ತನು. ಆ ಸಂಘವೇ ೧೬೩೮ರಲ್ಲಿ ಕಾರವಾರದಲ್ಲಿ ಕೋಠಿಯನ್ನು ತೆರೆಯಿತು. ಒಂದೇ ಹಕ್ಕಿಗೆ ಇಬ್ಬರು ಒಡೆಯರಾದರು. ಇಬ್ಬರ ಕೈಯಲ್ಲಿಯೂ ರಾಜಮುದ್ರೆಯಿತ್ತು.

ಡೊಮೇನ್ ಹೆಸರಿನಲ್ಲಿ ಇಂತಹ ದ್ವಂದ್ವಕ್ಕೆ ಎಡೆಯಿಲ್ಲ. ಒಂದು ವಿಳಾಸವು ಒಬ್ಬನಿಗೇ, ಅದೂ ಮೊದಲು ನೋಂದಾಯಿಸಿದವನಿಗೆ. ಹಕ್ಕಿನ ವಿಚಾರಣೆ ಆಮೇಲಿನದು. ಇದಕ್ಕೆ ನಮ್ಮ ನಾಡಿನಲ್ಲಿಯೇ ಪ್ರಮಾಣವಿದೆ. ಸತ್ಯಂ ಇನ್ಫೋವೇ ಸಂಸ್ಥೆಯು ೧೯೯೯ರಿಂದ ‘ಸಿಫಿ’ ಎಂಬ ಹೆಸರನ್ನು ಬಳಸುತ್ತಿರಲು, ಮತ್ತೊಂದು ಸಂಸ್ಥೆಯು ‘ಸಿಫ್ಫಿ’ಯೆಂಬುದನ್ನು ತನ್ನ ವಿಳಾಸವಾಗಿಸಿಕೊಂಡಿತು, ಅದು ತನ್ನ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳೆಂದು ವಾದಿಸಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮತ್ತೆ ಎತ್ತಿಹಿಡಿಯಿತು. ಡೊಮೇನ್ ಹೆಸರಿಗೆಂದೇ ಪ್ರತ್ಯೇಕ ಶಾಸನವಿಲ್ಲದಿದ್ದರೂ, ಪರರ ಹೆಸರಿನಲ್ಲಿ ತನ್ನ ಸರಕನ್ನು ಸಾಗಿಸಬಾರದೆಂಬ ಹಳೆಯ ನ್ಯಾಯವೇ ಇಲ್ಲಿಯೂ ಅನ್ವಯಿಸುವುದೆಂಬುದು ಆ ತೀರ್ಪಿನ ಸಾರ.

ನ್ಯಾಯಾಲಯದ ಹೊರಗೂ ಮಾರ್ಗಗಳಿವೆ. ‘.ಕಾಂ’ ಮೊದಲಾದವುಗಳಿಗೆ ೧೯೯೯ರ ಅಂತರರಾಷ್ಟ್ರೀಯ ನಿಯಮಾವಳಿಯೂ ‘.ಇನ್’ ವಿಳಾಸಗಳಿಗೆ ೨೦೦೫ರ ಭಾರತೀಯ ನಿಯಮಾವಳಿಯೂ ಇವೆ. ಹೆಸರಿನ ಸಾದೃಶ್ಯ, ಎದುರಾಳಿಗೆ ನ್ಯಾಯಸಮ್ಮತ ಹಿತಾಸಕ್ತಿಯ ಅಭಾವ, ದುರುದ್ದೇಶ, ಈ ಮೂರನ್ನೂ ಫಿರ್ಯಾದಿಯು ಸಿದ್ಧಪಡಿಸಬೇಕು. ಗೆದ್ದರೆ ವಿಳಾಸವು ವರ್ಗವಾಗುತ್ತದೆ, ಇಲ್ಲವೆ ರದ್ದಾಗುತ್ತದೆ. ನಷ್ಟಪರಿಹಾರಕ್ಕೆ ಮಾತ್ರ ನ್ಯಾಯಾಲಯವೇ ಗತಿ.

ಅಂಕೋಲೆಯ ಕರಿ ಇಶಾಡು ಮಾವು ೨೦೨೩ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆಯಿತು. ನಾಳೆ ಆ ಹೆಸರಿನ ವಿಳಾಸವನ್ನು ದೂರದ ವರ್ತಕನೊಬ್ಬನು ಹಿಡಿದರೆ ಬೆಳೆಗಾರರ ಗತಿಯೇನು? ಅಂತರರಾಷ್ಟ್ರೀಯ ನಿಯಮಾವಳಿಯು ವ್ಯಾಪಾರಚಿಹ್ನೆಯನ್ನು ಕೇಳುತ್ತದೆ. ಭೌಗೋಳಿಕ ಸೂಚಕವೊಂದೇ ಅದಕ್ಕೆ ಸಾಲದು. ಭಾರತೀಯ ನಿಯಮಾವಳಿಯಾದರೋ ‘ಹೆಸರು’ ಎಂಬ ವಿಶಾಲ ಪದವನ್ನು ಒಳಗೊಂಡಿರುವುದರಿಂದ ಆಶೆಗೆ ಆಸ್ಪದವಿದೆ. ೧೯೯೯ರ ಭೌಗೋಳಿಕ ಸೂಚಕಗಳ ಅಧಿನಿಯಮದಂತೆ ಉಲ್ಲಂಘನೆಯ ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹೂಡುವಂತಿಲ್ಲ. ಅಂಕೋಲೆಯವರಿಗೆ ಆ ಪೀಠವು ಕಾರವಾರದಲ್ಲಿದೆ.

ಪ್ರಾಮಾಣಿಕವಾಗಿ ಮೊದಲು ಪಡೆದವನನ್ನು ಕದಲಿಸುವುದು ಸಾಮಾನ್ಯವಾಗಿ ಸುಲಭವಲ್ಲ. ಅವನಿಂದ ಕ್ರಯಕ್ಕೆ ಕೊಳ್ಳಬೇಕು, ಇಲ್ಲವೆ ಬೇರೆ ಹೆಸರನ್ನು ಅರಸಬೇಕು. ಆದಕಾರಣ ಮಾನ್ಯತೆ ದೊರೆತ ದಿನವೇ ವಿಳಾಸವನ್ನೂ ನೋಂದಾಯಿಸುವುದು ವಿವೇಕ. ಕೋರ್ಟೀನನಿಗೆ ಎರಡನೆಯ ಸನ್ನದು ದೊರೆಯಿತು; ಎರಡನೆಯ ವಿಳಾಸವು ಯಾರಿಗೂ ದೊರೆಯಲಾರದೆಂಬುದನ್ನು ನಾವು ಮರೆಯಲಾಗದು.