ಕಾರಿನ ಅಡಿಯಲ್ಲಿ ಬರೆದದ್ದು

ಗಲ್ಫಿಗೆ ಹೋದವರಿರುವ ನಮ್ಮ ಮನೆಗಳ ಹಳೆಯ ಶೋಕೇಸು ತೆರೆದರೆ ಕೆಲವು ವಸ್ತುಗಳು ಸಿಕ್ಕೇ ಸಿಗುತ್ತವೆ. ಖಾಲಿಯಾದ ಅತ್ತರಿನ ಬಾಟಲಿ, ಓಡದ ಟೇಪ್ ರೆಕಾರ್ಡರ್, ನೆಂಟರು ಬಂದರೂ ಹೊರಗೆ ತೆಗೆಯದ ಗಾಜಿನ ಲೋಟಗಳು. ಅವುಗಳ ಹಿಂದೆ ಬಣ್ಣ ಹೋದ ಒಂದೆರಡು ಪುಟ್ಟ ಕಾರುಗಳು.

ಉಪ್ಪಳದ ನಮ್ಮ ಮನೆಯಲ್ಲೂ ಅಂಥದ್ದೊಂದು ಕೆಂಪು ಮ್ಯಾಚ್‌ಬಾಕ್ಸ್ ಕಾರು ಇತ್ತು. 1980ರಲ್ಲಿ ಅಣ್ಣ ಹುಟ್ಟಿದಾಗ ಮಾಮ ದುಬೈಯಿಂದ ಮೊದಲ ಸಲ ಊರಿಗೆ ಬಂದರು, ಆಗ ತಂದ ಕಾರು ಇದು ಎಂದು ನಾವೆಲ್ಲ ಕೇಳುತ್ತಾ ಬೆಳೆದೆವು. ಎರಡು ಚಕ್ರ ತಿರುಗುತ್ತಿರಲಿಲ್ಲ. ಹೋದ ವರ್ಷ ಅದನ್ನು ಸರಿಮಾಡಲೆಂದು ಕೂತಾಗ, ಅದರ ಅಡಿಭಾಗ ಬೇರೆಯೇ ಒಂದು ಕಥೆ ಹೇಳಿತು. ಅದನ್ನು ಅರ್ಥಮಾಡಿಕೊಳ್ಳಲು ಈ ಕಾರುಗಳ ಚರಿತ್ರೆ ಸ್ವಲ್ಪ ಗೊತ್ತಿರಬೇಕು.

1947ರಲ್ಲಿ ಲಂಡನ್ನಿನಲ್ಲಿ ಲೆಸ್ಲಿ ಸ್ಮಿತ್ ಮತ್ತು ರಾಡ್ನಿ ಸ್ಮಿತ್ ಎಂಬ ಇಬ್ಬರು ಗೆಳೆಯರು ಲೋಹ ಎರಕ ಹೊಯ್ಯುವ ಸಣ್ಣ ಕಾರ್ಖಾನೆ ತೆರೆದರು. ಇಬ್ಬರ ಹೆಸರನ್ನೂ ಕೂಡಿಸಿ ಅದಕ್ಕೆ ಲೆಸ್ನಿ ಎಂದು ಹೆಸರಿಟ್ಟರು. ಮುಂದೆ ಜ್ಯಾಕ್ ಓಡೆಲ್ ಎಂಬ ಕುಶಲ ಎಂಜಿನಿಯರ್ ಅವರ ಜತೆ ಸೇರಿದರು. ಓಡೆಲ್‌ರ ಮಗಳ ಶಾಲೆಯಲ್ಲಿ, ಬೆಂಕಿಪೆಟ್ಟಿಗೆಯೊಳಗೆ ಹಿಡಿಸುವಷ್ಟು ಸಣ್ಣ ಆಟಿಕೆಯನ್ನು ಮಾತ್ರ ತರಬಹುದು ಎಂಬ ನಿಯಮವಿತ್ತು. ಮಗಳಿಗಾಗಿ ಅವರು ಹಿತ್ತಾಳೆಯಲ್ಲಿ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟರು. ಅದನ್ನು ನೋಡಿದ ಉಳಿದ ಮಕ್ಕಳಿಗೂ ಅಂಥದ್ದೇ ಬೇಕಾಯಿತು. 1953ರಲ್ಲಿ ಮ್ಯಾಚ್‌ಬಾಕ್ಸ್ ಕಾರುಗಳು ಅಂಗಡಿಗೆ ಬಂದವು. ಮುಂದೆ 1ರಿಂದ 75ರವರೆಗೆ ನಂಬರು ಹಾಕಿದ ಮಾಲೆ ಬೆಳೆಯಿತು. ಹಳೆಯ ಮಾದರಿ ಹೋದರೆ ಅದರ ನಂಬರಿಗೆ ಹೊಸದು ಬರುತ್ತಿತ್ತು. ಎಲ್ಲವೂ ಒಂದೇ ಅಳತೆಯ ಪೆಟ್ಟಿಗೆಯಲ್ಲಿ ಕೂರಬೇಕಾದ್ದರಿಂದ ಲಾರಿಯೂ ಕಾರೂ ಹೆಚ್ಚುಕಮ್ಮಿ ಒಂದೇ ಉದ್ದ.

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂದಿತು. ಅದರ ಚಕ್ರದ ಅಚ್ಚು ತೆಳ್ಳಗೆ, ಓಟ ಬಹಳ ಜೋರು. ಮ್ಯಾಚ್‌ಬಾಕ್ಸ್ ಮರುವರ್ಷವೇ ಸೂಪರ್‌ಫಾಸ್ಟ್ ಚಕ್ರಗಳನ್ನು ಹಾಕಿ ಉತ್ತರ ಕೊಟ್ಟಿತು. ಆದರೂ 1982ರಲ್ಲಿ ಲೆಸ್ನಿ ದಿವಾಳಿಯಾಯಿತು. ಹಾಂಗ್‌ಕಾಂಗ್‌ನ ಯೂನಿವರ್ಸಲ್ ಕಂಪನಿ ಅದನ್ನು ಕೊಂಡಿತು, ತಯಾರಿ ಮಕಾವ್‌ಗೆ ಹೋಯಿತು. ಆಮೇಲೆ ಚೀನಾ, ಥಾಯ್ಲೆಂಡ್. 1997ರಲ್ಲಿ ಮ್ಯಾಚ್‌ಬಾಕ್ಸ್ ಕೊನೆಗೆ ಮ್ಯಾಟೆಲ್‌ನ ಕೈಗೇ ಸೇರಿತು.

ಭಾರತಕ್ಕೂ ಈ ಚರಿತ್ರೆಯಲ್ಲಿ ಒಂದು ಪಾಲು ಇದೆ. ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯ ಡಿಂಕಿ ಕಾರುಗಳು ಮ್ಯಾಚ್‌ಬಾಕ್ಸ್‌ಗಿಂತ ಹಳೆಯವು, 1930ರ ದಶಕದವು. ಅವುಗಳ ಕೆಲವು ಹಳೆಯ ಅಚ್ಚುಗಳು ಕಲ್ಕತ್ತಕ್ಕೆ ಬಂದವು. ಅವುಗಳಿಂದ ತಯಾರಾದ ಕಾರುಗಳು ನಿಕ್ಕಿ ಎಂಬ ಹೆಸರಿನಲ್ಲಿ ಮಾರಾಟವಾದವು. ಇಂದು ಸಂಗ್ರಾಹಕರು ಅವನ್ನು ಹುಡುಕಿಕೊಂಡು ಹೋಗುತ್ತಾರೆ.

ಈಗ ನಮ್ಮ ಕಾರಿಗೆ ಬರೋಣ. ಅದರ ಅಡಿಯಲ್ಲಿ 1979 ಎಂದಿತ್ತು. ಅದನ್ನು ನೋಡಿಯೇ ಮನೆಯವರೆಲ್ಲ "ಅಣ್ಣ ಹುಟ್ಟಿದ ಹೊತ್ತಿನದ್ದು" ಎಂದು ನಂಬಿದ್ದರು. ಆದರೆ ಆ ವರ್ಷ ವಿನ್ಯಾಸದ ಹಕ್ಕಿನದು. ಒಂದೇ ಅಚ್ಚಿನಿಂದ ಹತ್ತಾರು ವರ್ಷ ಕಾರು ಬರಬಹುದು, ಅಡಿಯ ವರ್ಷ ಬದಲಾಗುವುದಿಲ್ಲ. ಬದಲಾಗುವುದು ಊರಿನ ಹೆಸರು. ಕೊಳೆ ತೊಳೆದ ಮೇಲೆ ಭೂತಗನ್ನಡಿಯಲ್ಲಿ ಓದಿದೆ: ಮೇಡ್ ಇನ್ ಮಕಾವ್. ಅಂದರೆ ಇಂಗ್ಲೆಂಡಿನ ಕಾರ್ಖಾನೆ ಮುಳುಗಿದ ಮೇಲಿನದು. 1980ರಲ್ಲಿ ಮಾಮ ಇದನ್ನು ತಂದಿರಲು ಸಾಧ್ಯವೇ ಇಲ್ಲ.

ಉಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಕಾರನ್ನು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ಹೇಳಿದರು: "ಮೊದಲ ಸಲ ಬಂದಾಗ ಅವನ ಪೆಟ್ಟಿಗೆಯಲ್ಲಿ ಏನೂ ಇರಲಿಲ್ಲ. ವೀಸಾದ ಸಾಲ ತೀರಿರಲಿಲ್ಲ. ಮಗುವನ್ನು ಬರಿಗೈಯಲ್ಲಿ ನೋಡಿದ ಎಂದು ಯಾರೂ ಹೇಳಬಾರದು ಅಂತ ನಿಮ್ಮ ಅಜ್ಜಿಯೇ ಆಮೇಲೆ ಹಾಗೆ ಹೇಳುತ್ತಾ ಬಂದರು." ಕಾರು ಬಂದದ್ದು ಅದರ ಮುಂದಿನ ಸಲ.

ಮಾಮ ಈಗ ಇಲ್ಲ. ಆ ಬರಿಗೈಯ ಪ್ರಯಾಣದ ಬಗ್ಗೆ ಅವರು ಒಂದು ಮಾತೂ ಆಡಿದವರಲ್ಲ. ನಮ್ಮ ಊರುಗಳಲ್ಲಿ ಗಲ್ಫಿನ ಕಥೆಯೆಂದರೆ ತುಂಬಿದ ಪೆಟ್ಟಿಗೆಯ ಕಥೆ. ಖಾಲಿ ಪೆಟ್ಟಿಗೆಯೊಂದಿಗೆ ಬೊಂಬಾಯಿಯಿಂದ ಬಸ್ಸು ಹತ್ತಿ ಬಂದವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ. ನಮ್ಮ ಮನೆಯಲ್ಲಿ ಅದರ ಗುರುತು ಈ ಕಾರಿನ ಅಡಿಯಲ್ಲಿ ಉಳಿದಿತ್ತು.

ಹಾಗಾಗಿ ನಿಮ್ಮ ಮನೆಯ ಕಾರು ಸರಿಮಾಡುವಾಗ ಕೆಲವು ವಿಷಯ ನೆನಪಿಡಿ. ಮೊದಲು ಅಡಿಭಾಗದ ಫೋಟೊ ತೆಗೆಯಿರಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೋಪು, ಮೆತ್ತನೆಯ ಬ್ರಶ್ ಸಾಕು. ಸ್ಟಿಕರ್ ಇದ್ದರೆ ನೀರಿನಲ್ಲಿ ನೆನೆಹಾಕಬೇಡಿ. ಚಕ್ರ ತಿರುಗದಿದ್ದರೆ ಹೆಚ್ಚಾಗಿ ಅಚ್ಚಿಗೆ ಕೂದಲು, ನೂಲು ಸುತ್ತಿಕೊಂಡಿರುತ್ತದೆ. ಚಿಮುಟದಿಂದ ಎಳೆದು ತೆಗೆಯಬಹುದು. ಕಾರಿನ ಮೈ ಸತುವಿನ ಮಿಶ್ರಲೋಹ, ಅದು ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅಚ್ಚು ಉಕ್ಕಿನದು, ನಮ್ಮ ಕಡಲ ಗಾಳಿಗೆ ಬೇಗ ತುಕ್ಕಾಗುತ್ತದೆ. ತೊಳೆದ ಮೇಲೆ ಪೂರ್ತಿ ಒಣಗಿಸಿ, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಬಿಡಿ. ತುಂಬ ಹಳೆಯ ಡಿಂಕಿಗಳ ಲೋಹದಲ್ಲಿ ಸೀಸ ಬೆರೆತಿದ್ದರೆ ಮೈ ಬಿರುಕು ಬಿಟ್ಟು ಉದುರುತ್ತದೆ, ಅದಕ್ಕೆ ಮದ್ದಿಲ್ಲ. ಹಳೆಯ ಬಣ್ಣದಲ್ಲೂ ಸೀಸ ಇರಬಹುದು. ಉಜ್ಜಿ ಧೂಳೆಬ್ಬಿಸಬೇಡಿ, ಸಣ್ಣ ಮಕ್ಕಳ ಬಾಯಿಗೆ ಹೋಗದಂತೆ ನೋಡಿ.

ಕಾರು ಬಿಚ್ಚಲೇಬೇಕಾದರೆ ಅಡಿಯ ರಿವೆಟ್ಟಿನ ತಲೆಯನ್ನಷ್ಟೇ ಸಣ್ಣ ಡ್ರಿಲ್ಲಿನಿಂದ ತೆಗೆಯಬೇಕು, ಅಕ್ಷರಗಳಿಗೆ ತಾಗಬಾರದು. ಹೊಸ ಬಣ್ಣ ಬಳಿಯುವ ಆಸೆ ಬರುತ್ತದೆ. ನನಗೂ ಬಂದಿತ್ತು. ನಾನು ಚಕ್ರ ಸರಿಮಾಡಿ ಅಲ್ಲಿಗೇ ಬಿಟ್ಟೆ. ಕಿತ್ತುಹೋದ ಕೆಂಪು ಅಣ್ಣನ ಬಾಲ್ಯದ್ದು.

ಈಗ ಅದು ಶೋಕೇಸಿನ ಮುಂದಿನ ಸಾಲಿನಲ್ಲಿದೆ. ಪಕ್ಕದಲ್ಲಿ ಒಂದು ಚೀಟಿ: ಯಾರು ತಂದರು, ಯಾರಿಗೆ ತಂದರು, ಎರಡನೇ ಸಲ ಬಂದಾಗ ತಂದರು. "ಎರಡನೇ ಸಲ" ಎಂದು ಬರೆಯಲು ಹೇಳಿದ್ದು ಉಮ್ಮನೇ.