ರಿಪೇರಿಯವರ ಹರಟೆ

ಜೆರಾಕ್ಸ್ ಅನ್ನುವುದು ಒಂದು ಕಂಪನಿಯ ಹೆಸರು ಅನ್ನೋದೇ ನಮಗೆ ಮರೆತುಹೋಗಿದೆ. ಅಂಗಡಿಯಲ್ಲಿರುವ ಮೆಷಿನ್ ಯಾವ ಕಂಪನಿಯದಾದರೂ "ಎರಡು ಜೆರಾಕ್ಸ್ ಕೊಡಿ" ಅಂತಲೇ ಕೇಳುತ್ತೇವೆ. ನಾನು ಹೇಳಹೊರಟಿರುವುದು ಮಾತ್ರ ಅಮೆರಿಕದ ಆ ಜೆರಾಕ್ಸ್ ಕಂಪನಿಯ ಬಗ್ಗೆಯೇ. ಮೊಬೈಲು, ಗ್ರೂಪ್ ಚಾಟ್ ನೋಡಿ ಕೆಲಸ ಕಲಿಯೋದು ವಾಟ್ಸಾಪ್ ಬಂದ ಮೇಲೆ ಶುರುವಾದದ್ದು ಅಂತ ತುಂಬಾ ಜನ ನಂಬಿದ್ದಾರೆ. ಕತೆ ಅದಕ್ಕಿಂತ ಹಳೆಯದು. ಇನ್ನೊಂದು ಮಜಾ ಅಂದರೆ, ಅದನ್ನು ಮಾಡಿ ತೋರಿಸಿದವರು ನಮ್ಮಂಥ ಸಾಫ್ಟ್‌ವೇರಿನವರಲ್ಲ, ಕಾಪಿ ಮೆಷಿನ್ ರಿಪೇರಿ ಮಾಡುವವರು!

ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಜೆರಾಕ್ಸ್‌ನ ಸಂಶೋಧನಾ ಕೇಂದ್ರವೊಂದಿತ್ತು. ಅದರ ಹೆಸರು ಪಾರ್ಕ್. ಈಥರ್‌ನೆಟ್ ಹುಟ್ಟಿದ್ದು ಅಲ್ಲೇ. 1980ರ ದಶಕದಲ್ಲಿ ಅಲ್ಲಿದ್ದ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞರು ರಿಪೇರಿಯವರ ಬೆನ್ನು ಹತ್ತಿದರು. ಆದಿವಾಸಿಗಳ ಜೊತೆ ಇದ್ದು ಅಧ್ಯಯನ ಮಾಡುತ್ತಾರಲ್ಲ, ಹಾಗೇ ಇವರು ಟೆಕ್ನಿಷಿಯನ್‌ಗಳ ಜೊತೆ ತಿರುಗಿದರು, ಅವರ ಜೊತೆ ಊಟ ಮಾಡಿದರು.

ಕಂಪನಿಯ ಲೆಕ್ಕ ಸರಳವಾಗಿತ್ತು. ಮೆಷಿನ್ ಒಂದು ಎರರ್ ಕೋಡ್ ತೋರಿಸುತ್ತದೆ, ಮ್ಯಾನುಯಲ್ ತೆಗೆಯಿರಿ, ಹೌದು-ಅಲ್ಲ ಅಂತ ಹೆಜ್ಜೆ ಹೆಜ್ಜೆಯಾಗಿ ಹೋಗಿ, ಪಾರ್ಟ್ ಬದಲಿಸಿ, ಮುಗೀತು. ಆರ್ ಕಂಡದ್ದು ಬೇರೆ. ಒಂದು ಸಲ ಮೆಷಿನ್ ತೋರಿಸಿದ ಕೋಡೇ ದಾರಿ ತಪ್ಪಿಸುವಂತಿತ್ತು. ಮ್ಯಾನುಯಲ್ ಪ್ರಕಾರ ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಹಿರಿಯ ಸ್ಪೆಷಲಿಸ್ಟ್ ಬಂದರೂ ತಕ್ಷಣ ಗೊತ್ತಾಗಲಿಲ್ಲ. ಆಮೇಲೆ ಇಬ್ಬರೂ ಕೂತು ಹಿಂದೆ ಕಂಡ ಕೇಸುಗಳ ಕತೆ ಹೇಳಿಕೊಳ್ಳುತ್ತಾ, ನಡುನಡುವೆ ಟೆಸ್ಟ್ ಮಾಡುತ್ತಾ, ಕೊನೆಗೆ ನಿಜವಾದ ತೊಂದರೆ ಹಿಡಿದರು. ಆ ಕತೆ ಆಮೇಲೆ ಉಳಿದವರ ಊಟದ ಟೇಬಲ್ಲಿಗೂ ಹೋಯಿತು. ಮ್ಯಾನೇಜರ್ ಕಣ್ಣಿಗೆ ಹರಟೆಯಾಗಿ ಕಾಣುತ್ತಿದ್ದದ್ದೇ ಅವರ ನಿಜವಾದ ತರಬೇತಿಯಾಗಿತ್ತು. ಇದನ್ನೆಲ್ಲ ಆರ್ 1996ರಲ್ಲಿ ಪುಸ್ತಕವಾಗಿ ತಂದರು.

ಅಧ್ಯಯನ ಅಲ್ಲಿಗೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಪಾರ್ಕ್‌ನವರು ಡೆನ್ವರ್ ಪ್ರದೇಶದ ಟೆಕ್ನಿಷಿಯನ್‌ಗಳಿಗೆ ಟೂ-ವೇ ರೇಡಿಯೊ ಕೊಟ್ಟು ನೋಡಿದರು. ಯಾವಾಗಲೂ ಆನ್ ಇರುವ, ಅವರಿಗೆ ಮಾತ್ರ ಮೀಸಲಾದ ಚಾನೆಲ್. ಒಬ್ಬ ಎಲ್ಲೋ ಸಿಕ್ಕಿಹಾಕಿಕೊಂಡು ಕೇಳುತ್ತಾನೆ, ಇನ್ನೊಬ್ಬ ಇನ್ನೆಲ್ಲಿಂದಲೋ ಉತ್ತರ ಕೊಡುತ್ತಾನೆ. ಇದರಲ್ಲಿ ನನಗೆ ದೊಡ್ಡದು ಅನ್ನಿಸಿದ್ದು ಉತ್ತರ ಸಿಕ್ಕಿದ್ದಲ್ಲ. ಮೂರನೆಯವನೊಬ್ಬ, ಹೊಸದಾಗಿ ಸೇರಿದವನು, ಬಾಯಿ ಬಿಡದೆ ತನ್ನ ಪಾಡಿಗೆ ಕೆಲಸ ಮಾಡುತ್ತಾ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ. ಏನು ಕೇಳಬೇಕು ಅಂತ ಗೊತ್ತಿಲ್ಲದವನಿಗೆ ಇದಕ್ಕಿಂತ ಒಳ್ಳೆ ಮೇಷ್ಟ್ರು ಇನ್ಯಾರು ಸಿಗುತ್ತಾರೆ? ಆಗ ಪಾರ್ಕ್‌ನ ಮುಖ್ಯಸ್ಥರಾಗಿದ್ದ ಜಾನ್ ಸೀಲಿ ಬ್ರೌನ್ ಮತ್ತು ಪಾಲ್ ಡುಗಿಡ್ ಇಂಥ ಕಲಿಕೆಯನ್ನು ಕದ್ದ ಜ್ಞಾನ ಅಂತ ಕರೆದರು. ಆ ಹೆಸರು ಅವರಿಗೆ ಸಿಕ್ಕಿದ್ದು ನಮ್ಮ ರವೀಂದ್ರನಾಥ ಠಾಕೂರರು ತಮ್ಮ ಸಂಗೀತ ಕಲಿಕೆಯ ಬಗ್ಗೆ ಹೇಳಿಕೊಂಡ ಮಾತಿನಿಂದ!

ರೇಡಿಯೊದ ತೊಂದರೆ ಅಂದರೆ ಮಾತು ಗಾಳಿಗೆ ಹೋಗುತ್ತದೆ. ಆ ಹೊತ್ತಿಗೆ ಕೇಳಿದವನಿಗೆ ಮಾತ್ರ ಲಾಭ. ಅದಕ್ಕೆ ಬಂದದ್ದು ಯುರೇಕಾ. ಟೆಕ್ನಿಷಿಯನ್‌ಗಳೇ ಬರೆದ ಸಣ್ಣ ಸಣ್ಣ ಟಿಪ್ಪುಗಳ ಸಂಗ್ರಹ ಇದು. ಒಬ್ಬ ಬರೆದದ್ದನ್ನು ಅನುಭವವಿದ್ದ ಇತರ ಟೆಕ್ನಿಷಿಯನ್‌ಗಳು ಪರೀಕ್ಷಿಸಿದ ಮೇಲೇ ಎಲ್ಲರಿಗೂ ಸಿಗುತ್ತಿತ್ತು. 1990ರ ದಶಕದಲ್ಲಿ ಇದು ಮೊದಲು ಚಾಲ್ತಿಗೆ ಬಂದದ್ದು ಫ್ರಾನ್ಸ್‌ನಲ್ಲಿ, ಅದೂ ಟೆಲಿಫೋನ್ ಲೈನಿನ ಮೇಲೆ ನಡೆಯುತ್ತಿದ್ದ ಮಿನಿಟೆಲ್ ಮೂಲಕ. (ಆ ಮಿನಿಟೆಲ್ 2012ರಲ್ಲಿ ನಿಂತುಹೋಯಿತು.) ಟಿಪ್ ಬರೆದವರಿಗೆ ದುಡ್ಡು ಕೊಡೋಣವೇ ಅಂತ ಮಾತು ಬಂದಾಗ ಟೆಕ್ನಿಷಿಯನ್‌ಗಳು ಬೇಡ ಅಂದರು. ಅವರಿಗೆ ಬೇಕಿದ್ದದ್ದು ಟಿಪ್ಪಿನ ಕೆಳಗೆ ತಮ್ಮ ಹೆಸರು, ಅಷ್ಟೇ. 2008ರಲ್ಲಿ ಬಂದ ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಜನ ಸಂಬಳವಿಲ್ಲದೆ ರಾತ್ರಿಯೆಲ್ಲಾ ಕೂತು ಉತ್ತರ ಬರೆದದ್ದು ನೆನಪಿದೆಯಲ್ಲ, ಅದೇ ಚಪಲ :)

ಹಾಗಾದರೆ ಇವತ್ತು ಜೇಬಿನಲ್ಲೇ ರೇಡಿಯೊ ಮತ್ತು ಯುರೇಕಾ ಎರಡೂ ಇವೆ, ಇನ್ನೇನು ಬೇಕು ಅಂತೀರಾ? ನಮ್ಮ ಟೀಮುಗಳಲ್ಲಿ ನಾನು ನೋಡಿದ ಹಾಗೆ, ಹೊಸಬರು ಗ್ರೂಪಿನಲ್ಲಿ ಪ್ರಶ್ನೆ ಕೇಳೋಕೆ ಹೆದರುತ್ತಾರೆ. ಮ್ಯಾನೇಜರ್ ಇರುತ್ತಾರಲ್ಲ! ಒಬ್ಬ ಸೀನಿಯರ್‌ಗೆ ಪ್ರೈವೇಟ್ ಮೆಸೇಜ್ ಕಳಿಸುತ್ತಾರೆ, ಅವರೂ ಅಲ್ಲೇ ಉತ್ತರ ಕೊಟ್ಟು ಮುಗಿಸುತ್ತಾರೆ. ಈಗಂತೂ ಆ ಸೀನಿಯರ್ ಜಾಗಕ್ಕೆ ಎಐ ಬಂದು ಕೂತಿದೆ. ಕೇಳಿದವನ ಕೆಲಸ ಬೇಗ ಆಗುತ್ತದೆ, ಇಲ್ಲ ಅನ್ನಲ್ಲ. ಡೆನ್ವರ್‌ನಲ್ಲಿ ಸುಮ್ಮನೆ ಕಿವಿಗೊಟ್ಟು ಕಲಿಯುತ್ತಿದ್ದ ಆ ಮೂರನೆಯವನಿಗೆ ಮಾತ್ರ ಏನೂ ಕೇಳಿಸುವುದಿಲ್ಲ. ಇದಕ್ಕೇ ಯಾರಾದರೂ ನನಗೆ ಪ್ರೈವೇಟಾಗಿ ಕೇಳಿದರೆ ಪ್ರಶ್ನೆಯನ್ನು ಗ್ರೂಪಿನಲ್ಲಿ ಹಾಕು ಮಾರಾಯ, ಉತ್ತರ ಅಲ್ಲೇ ಕೊಡ್ತೀನಿ ಅಂತೀನಿ. ಹತ್ತರಲ್ಲಿ ಇಬ್ಬರು ಹಾಕುತ್ತಾರೆ.