ನುಡಿಹಬ್ಬದ ವೇದಿಕೆಗೆ ನಮ್ಮ ಸೀಮೆ ಏರಿದ ಬಗೆ

ಮರಿಯಮ್ಮನಹಳ್ಳಿಯಲ್ಲಿ ಒಬ್ಬರಿಗೆ ಪ್ರಶಸ್ತಿ ಬಂತೆಂದರೆ ಅದು ಒಂದು ಮನೆಯ ಸುದ್ದಿಯಾಗಿ ಉಳಿಯುವುದಿಲ್ಲ. ಮೊದಲು ಒಗ್ಗರಣಿ-ಮಿರ್ಚಿ ಹೋಟೆಲಿನಲ್ಲಿ ಮಾತಾಗುತ್ತದೆ, ಮರುದಿನ ಹೆದ್ದಾರಿ ಬದಿಗೆ ಫ್ಲೆಕ್ಸ್ ಏರುತ್ತದೆ, ವಾರದೊಳಗೆ ಸನ್ಮಾನವೂ ಗೊತ್ತಾಗುತ್ತದೆ. ಸನ್ಮಾನದಲ್ಲಿ ಶಾಲು ಹೊದಿಸುವವರ ಸಂಖ್ಯೆ ಹೊದಿಸಿಕೊಳ್ಳುವವರಿಗಿಂತ ಹೆಚ್ಚಿರುವುದೂ ಉಂಟು. ಊರಿನ ಸ್ವಭಾವವೇ ಹಾಗೆ. ನಾಟಕದ ಊರು, ಚಪ್ಪಾಳೆಯ ಬೆಲೆ ಬಲ್ಲ ಊರು. ಹಾಗಾಗಿ ಈ ಸಂಚಿಕೆಗೆ ಊರಿನ ಕಲೆಯ ಬಗ್ಗೆ ಬರೆಯಬೇಕೆಂದು ಸಂಪಾದಕರು ಕೇಳಿದಾಗ, ಊರಿನ ಒಳಗಿನ ಸನ್ಮಾನಗಳನ್ನು ಬಿಟ್ಟು ನಮ್ಮ ಪಕ್ಕದಲ್ಲೇ ಪ್ರತಿ ವರ್ಷ ನಡೆಯುವ ಒಂದು ದೊಡ್ಡ ಸಂಜೆಯ ಬಗ್ಗೆ ಬರೆಯುವುದು ಲೇಸೆನಿಸಿತು. ಅದು ಹಂಪಿ ಕನ್ನಡ ವಿಶ್ವವಿದ್ಯಾಲಯದ ನುಡಿಹಬ್ಬ.

ಉಳಿದ ವಿಶ್ವವಿದ್ಯಾಲಯಗಳು ಘಟಿಕೋತ್ಸವ ಎನ್ನುವುದನ್ನು ಕನ್ನಡ ವಿಶ್ವವಿದ್ಯಾಲಯ ನುಡಿಹಬ್ಬ ಎಂದು ಕರೆಯಿತು. ವಿಶ್ವವಿದ್ಯಾಲಯ ಹುಟ್ಟಿದ್ದು 1991ರಲ್ಲಿ, ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ. ಮೊದಲ ಕುಲಪತಿ ಚಂದ್ರಶೇಖರ ಕಂಬಾರ. ನಾಟಕಕಾರ ಕುಲಪತಿಯಾದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಂಪಸ್ಸನ್ನೇ ನೋಡಬಹುದು. ಆಡಳಿತ ಕಟ್ಟಡದ ಹೆಸರು ಕ್ರಿಯಾಶಕ್ತಿ, ವಿಜಯನಗರದ ಮೊದಲ ಅರಸರ ಗುರುವಿನ ಹೆಸರದು. ಗ್ರಂಥಾಲಯದ ಹೆಸರು ಅಕ್ಷರ. ಪದವಿ ಕೊಡುವ ಜಾಗ ನವರಂಗ ಎಂಬ ಬಯಲು ರಂಗಮಂದಿರ. ಪದವಿ ಪ್ರದಾನವನ್ನು ನಾಲ್ಕು ಗೋಡೆಯೊಳಗೆ, ಕರೆಯೋಲೆ ಇದ್ದವರಿಗೆ ಮಾತ್ರ ಎಂದು ಮಾಡದೆ ಬಯಲಿಗೆ ತಂದದ್ದು ಸಣ್ಣ ಸಂಗತಿ ಅಲ್ಲವೆಂದು ನನಗನಿಸುತ್ತದೆ. ಬಯಲಾಟ ನೋಡಿ ಬೆಳೆದ ನಮ್ಮ ಮಂದಿಗೆ ಬಯಲಿನಲ್ಲಿ ಕೂತು ನೋಡುವುದು ಹೊಸದೇನಲ್ಲ. ಸಂಜೆ ಬಿಸಿಲು ಇಳಿದ ಮೇಲೆ, ಸುತ್ತಲ ಬಂಡೆಗುಡ್ಡಗಳು ಇನ್ನೂ ಕಾವು ಉಗುಳುತ್ತಿರುವಾಗ, ರಾಜ್ಯಪಾಲರು, ಕುಲಪತಿಗಳು, ನಿಕಾಯಗಳ ಡೀನರು ಸಾಲಾಗಿ ವೇದಿಕೆಗೆ ಬರುತ್ತಾರೆ. ಅವರೊಡನೆ ಆ ವರ್ಷದ ನಾಡೋಜರು.

ನಾಡೋಜ ಎಂಬುದು ಆದಿಕವಿ ಪಂಪನಿಗೆ ಸಂದ ಹೆಸರು. ಕನ್ನಡ ವಿಶ್ವವಿದ್ಯಾಲಯ ಅದನ್ನು ತನ್ನ ಅತ್ಯುನ್ನತ ಗೌರವದ ಹೆಸರಾಗಿಸಿಕೊಂಡು, ಬೇರೆ ಕಡೆ ಗೌರವ ಡಾಕ್ಟರೇಟ್ ಇರುವ ಸ್ಥಾನದಲ್ಲಿ ಇಟ್ಟಿತು. ಪಂಡಿತರು, ಸಾಹಿತಿಗಳು, ನ್ಯಾಯಮೂರ್ತಿಗಳು, ಸಂಗೀತಗಾರರು ನಾಡೋಜರಾಗಿದ್ದಾರೆ. 2025ರ ನುಡಿಹಬ್ಬದಲ್ಲಿ ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರೂ ಹಿಂದೂಸ್ತಾನಿ ಗಾಯಕ ಎಂ. ವೆಂಕಟೇಶ ಕುಮಾರರೂ ನಾಡೋಜರಾದರು. ಇದೆಲ್ಲ ನಿರೀಕ್ಷಿತವೇ. ಆದರೆ ಇಲ್ಲಿಯವರೆಗಿನ ನಾಡೋಜರ ಪಟ್ಟಿಯಲ್ಲಿ ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಇದ್ದಾಳೆ, ಬಳ್ಳಾರಿಯ ತೊಗಲುಗೊಂಬೆ ಕಲಾವಿದ ಬೆಳಗಲ್ಲು ವೀರಣ್ಣ ಇದ್ದಾರೆ, ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ ಇದ್ದಾಳೆ. ನುಡಿಹಬ್ಬದ ಕತೆಯನ್ನು ನಮ್ಮ ಸೀಮೆಯವರು ಹೇಳುವುದಾದರೆ ಈರಮ್ಮನಿಂದಲೇ ಶುರು ಮಾಡಬೇಕು.

ಈರಮ್ಮ ಬುಡ್ಗ ಜಂಗಮ ಸಮುದಾಯದವಳು. ಊರೂರು ಅಲೆದು ಬುರ್ರಕಥೆ ಹೇಳಿ ಹೊಟ್ಟೆ ಹೊರೆಯುವ ಕುಟುಂಬ. ಕತೆ ಕಲಿತದ್ದು ತಂದೆ ಲಾಲಪ್ಪನಿಂದ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಕುಮಾರರಾಮನಿಂದ ಹಿಡಿದು ಬಾಲನಾಗಮ್ಮನವರೆಗೆ ಹತ್ತಾರು ಕತೆಗಳು ಅವಳ ನಾಲಿಗೆಯ ಮೇಲಿದ್ದವು. ಒಂದೊಂದು ಕತೆ ರಾತ್ರಿಗಟ್ಟಲೆ ನಡೆಯುವಂಥದ್ದು. ಬುರ್ರಕಥೆಯಲ್ಲಿ ಮುಂದಾಳು ಒಬ್ಬರು ಕತೆ ಎತ್ತುತ್ತಾರೆ, ಇಬ್ಬದಿಯಲ್ಲಿ ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಹಾಡು ನಿಂತಲ್ಲಿ ಮಾತು, ಮಾತು ದಣಿದಲ್ಲಿ ಹಾಡು. ಈರಮ್ಮನ ಹಿಮ್ಮೇಳಕ್ಕೆ ನಿಂತವರು ಅವಳ ಬಳಗದ ಹೆಣ್ಣುಮಕ್ಕಳೇ. ಕೇಳುವವರು ತೂಕಡಿಸಿದರೆ ಕತೆಯ ನಡುವೆ ಒಂದು ನಗೆಮಾತು ಸೇರಿಸಿ ಎಬ್ಬಿಸುವುದು, ಊರಿನ ಗೌಡನಿಗೆ ತಟ್ಟುವ ಹಾಗೆ ಕತೆಯ ರಾಜನಿಗೆ ಬೈಯುವುದು, ಇವೆಲ್ಲ ಈ ಕಸುಬಿನ ಒಳಗುಟ್ಟು. ಪುಸ್ತಕದಲ್ಲಿ ಅಚ್ಚಾದಾಗ ಇವು ಅರ್ಧ ಸೋರಿಹೋಗುತ್ತವೆ. ಆದರೂ ಅಚ್ಚಾಗದಿದ್ದರೆ ಪೂರ್ತಿ ಹೋಗುತ್ತಿದ್ದವು.

ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರು ಈರಮ್ಮನ ಕತೆಗಳನ್ನು ಧ್ವನಿಮುದ್ರಿಸಿಕೊಂಡು ಬರಹಕ್ಕಿಳಿಸಿದರು, ಪ್ರಸಾರಾಂಗ ಅವನ್ನು ಪುಸ್ತಕವಾಗಿ ತಂದಿತು. ಇಷ್ಟಕ್ಕೇ ನಿಂತಿದ್ದರೆ ಅದು ಎಲ್ಲ ವಿಶ್ವವಿದ್ಯಾಲಯಗಳೂ ಮಾಡುವ ಕೆಲಸ. ಕತೆ ಹೇಳಿದವರಿಗೆ ಎಲೆ-ಅಡಿಕೆ, ಬರೆದುಕೊಂಡವರಿಗೆ ಡಾಕ್ಟರೇಟ್, ಇದು ಜಾನಪದ ಸಂಗ್ರಹದ ಹಳೆಯ ಲೆಕ್ಕ. ಆ ಲೆಕ್ಕ ಇಲ್ಲಿ ತಿರುಗಿತು. 1999ರಲ್ಲಿ ಈರಮ್ಮನಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು, 2003ರಲ್ಲಿ ನಾಡೋಜ. ಹಳ್ಳಿಗಳಲ್ಲಿ ಬುಡ್ಗ ಜಂಗಮರು ಕತೆ ಹೇಳಲು ಕೂರುತ್ತಿದ್ದದ್ದು ಅಂಗಳದಲ್ಲಿ, ಊರ ಹೊರಗೆ. ಮನೆಯೊಳಗೆ ಕರೆದು ಕೂರಿಸಿದವರು ಕಡಿಮೆ. ಅಂಥ ಸಮುದಾಯದ ಹೆಂಗಸಿಗೆ ರಾಜ್ಯಪಾಲರೇ ಕುಲಾಧಿಪತಿಯಾದ ವಿಶ್ವವಿದ್ಯಾಲಯ ತನ್ನ ಅತಿ ಎತ್ತರದ ಗೌರವ ಕೊಟ್ಟಿತು. ಈರಮ್ಮ 2014ರ ಆಗಸ್ಟ್ 12ರಂದು ತೀರಿಕೊಂಡಳು. ಬೆಳಗಲ್ಲು ವೀರಣ್ಣನವರು 2023ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ನಾಡೋಜರ ಪಟ್ಟಿ ಓದುವಾಗ ಅವರ ಕಸುಬನ್ನು ಮುಂದುವರಿಸಿದವರು ಎಷ್ಟು ಮಂದಿ ಎಂದು ಎಣಿಸಲು ಹೋದರೆ ಖುಷಿ ಇಳಿಯುತ್ತದೆ. ಅದು ಬೇರೆ ಮಾತು.

ಇನ್ನು ವಿದ್ಯಾರ್ಥಿಗಳ ಕಡೆಗೆ ಬರೋಣ. ನವರಂಗದಲ್ಲಿ ಆ ಸಂಜೆ ಹೆಚ್ಚು ಜಾಗ ಹಿಡಿಯುವವರು ಅವರೇ, ಅವರ ಹಿಂದೆ ಅವರ ಮನೆಯವರು. ಕನ್ನಡ ವಿಶ್ವವಿದ್ಯಾಲಯ ಮೊದಲಿನಿಂದ ಸಂಶೋಧನೆಗೇ ಮೀಸಲಾದದ್ದು. ಅದಕ್ಕೆ ಕಾಲೇಜುಗಳ ಸಂಯೋಜನೆ ಇಲ್ಲ, ಬಿ.ಎ., ಬಿ.ಕಾಂ. ಪರೀಕ್ಷೆಗಳ ಗದ್ದಲವಿಲ್ಲ. ಭಾಷೆ, ಸಮಾಜವಿಜ್ಞಾನ, ಲಲಿತಕಲೆ ಎಂಬ ನಿಕಾಯಗಳು. ಅವುಗಳೊಳಗೆ ಶಾಸನ, ಹಸ್ತಪ್ರತಿ, ಜಾನಪದ, ಬುಡಕಟ್ಟು, ಮಹಿಳಾ ಅಧ್ಯಯನ, ಚರಿತ್ರೆ, ಸಂಗೀತ, ದೃಶ್ಯಕಲೆ ಇತ್ಯಾದಿ ವಿಭಾಗಗಳು. ಚರಿತ್ರೆ ಇರಲಿ, ಪುರಾತತ್ವ ಇರಲಿ, ಪ್ರಬಂಧ ಕನ್ನಡದಲ್ಲೇ. ಇದರ ಫಲ ಏನೆಂದು ಬೆಂಗಳೂರಿನವರಿಗೆ ಬೇಗ ತಿಳಿಯುವುದಿಲ್ಲ. ಕೂಡ್ಲಿಗಿ, ಕಂಪ್ಲಿ, ಸಿರುಗುಪ್ಪ, ಹಡಗಲಿ ಕಡೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿದ ಹುಡುಗ ಹುಡುಗಿಯರು ಚರಿತ್ರೆಯಲ್ಲೋ ಸಮಾಜಶಾಸ್ತ್ರದಲ್ಲೋ ಡಾಕ್ಟರೇಟ್ ಮಾಡಬೇಕೆಂದರೆ ಇಂಗ್ಲಿಷಿನ ಬಾಗಿಲಲ್ಲೇ ನಿಲ್ಲಬೇಕಾಗಿತ್ತು. ತಮ್ಮ ಊರಿನ ಕೆರೆ, ತಮ್ಮ ಕುಲದ ದೇವರು, ತಮ್ಮ ತಾಯಂದಿರ ಸೋಬಾನೆ ಪದ ಇವೇ ಸಂಶೋಧನೆಯ ವಿಷಯವಾಗಬಲ್ಲವು ಎಂದು ಅವರಿಗೆ ಹೇಳಿದ್ದು ಈ ಕ್ಯಾಂಪಸ್ಸು. ಬಳ್ಳಾರಿ ಜಿಲ್ಲೆಯ ಶಾಸನಗಳ ಸಂಪುಟವೂ ಇಲ್ಲಿಂದಲೇ ಬಂತು. ನಮ್ಮ ಸುತ್ತಲ ಹಳ್ಳಿಗಳ ಗುಡಿಗಳ ಮುಂದೆ ನಿಂತ ಕಲ್ಲುಗಳಲ್ಲಿ ಏನು ಬರೆದಿದೆ ಎಂದು ಓದಬೇಕಾದವರು ಇಂದಿಗೂ ಅದನ್ನೇ ತೆಗೆಯುತ್ತಾರೆ.

ಪದವಿ ಪಡೆದವರು ವೇದಿಕೆಯಿಂದ ಇಳಿದು ಬಂದು ಮಾಡುವ ಮೊದಲ ಕೆಲಸ ಫೋಟೊ. ಪದವಿಯ ಉಡುಪು ಅವ್ವನಿಗೆ ತೊಡಿಸಿ ಒಂದು, ಅಪ್ಪನಿಗೆ ತೊಡಿಸಿ ಒಂದು, ಮಾರ್ಗದರ್ಶಕರ ಪಕ್ಕದಲ್ಲಿ ಒಂದು. ಅವ್ವ ನಾಚಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಾಳೆ, ಅಪ್ಪ ಟೋಪಿಯನ್ನು ರುಮಾಲಿನ ಮೇಲೆಯೇ ಇಟ್ಟುಕೊಳ್ಳಲು ನೋಡುತ್ತಾನೆ. ವೇದಿಕೆಯ ಭಾಷಣಗಳನ್ನು ಯಾರು ಎಷ್ಟು ಕೇಳಿದರೋ ದೇವರೇ ಬಲ್ಲ. ನಮ್ಮ ನಾಡಿನಲ್ಲಿ ಪ್ರಶಸ್ತಿ ಸಮಾರಂಭ ಎಲ್ಲೇ ನಡೆಯಲಿ, ಪ್ರಶಸ್ತಿ ಪಡೆದವರಿಗೆ ಎರಡು ನಿಮಿಷ, ಕೊಟ್ಟವರಿಗೆ ಅರ್ಧ ಗಂಟೆ. ಈ ರೂಢಿಯನ್ನು ಮುರಿಯುವ ಧೈರ್ಯ ಯಾವ ಸಂಸ್ಥೆಗೂ ಬಂದಂತಿಲ್ಲ, ನಮ್ಮೂರಿನ ಸನ್ಮಾನ ಸಮಿತಿಗಳಿಗೂ ಸೇರಿಸಿ ಹೇಳುತ್ತಿದ್ದೇನೆ.

ಮರಿಯಮ್ಮನಹಳ್ಳಿಗೆ ಈ ಕತೆ ಏಕೆ ಬೇಕು? ನಮ್ಮೂರು ಬೆಳೆದದ್ದೇ ನೀರಿನ ದೆಸೆಯಿಂದ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ನಾರಾಯಣದೇವರಕೆರೆ ಹಿನ್ನೀರಿನಲ್ಲಿ ಮುಳುಗಿತು, ಅಲ್ಲಿನ ಮಂದಿ ಇಲ್ಲಿಗೆ ಬಂದು ನೆಲೆ ನಿಂತರು. ಲಕ್ಷ್ಮೀನಾರಾಯಣಸ್ವಾಮಿ, ಆಂಜನೇಯಸ್ವಾಮಿಯರ ಜೋಡಿ ರಥೋತ್ಸವ ಎಳೆಯುವ ಊರು ಇದು. ಊರು ಬಿಟ್ಟು ಬಂದವರು ನಾಟಕದ ಹುಚ್ಚನ್ನು ಬಿಡಲಿಲ್ಲ. ಲಲಿತ ಕಲಾರಂಗ, ದುರ್ಗಾದಾಸ್ ಕಲಾಮಂದಿರ, ರಂಗನಟಿ ಕೆ. ನಾಗರತ್ನಮ್ಮನವರ ಹೆಸರು ಈ ಜಿಲ್ಲೆಯ ಆಚೆಗೂ ಗೊತ್ತು. ಹಳ್ಳಿಗಳಲ್ಲಿ ಜಾತ್ರೆ ಬಂತೆಂದರೆ ಊರ ಹುಡುಗರು ನಾಟಕ ಕಲಿಯುತ್ತಾರೆ, ಪೇಟಿ ಮಾಸ್ತರರು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ, ಸ್ತ್ರೀಪಾತ್ರಕ್ಕೆ ಕಲಾವಿದೆಯರು ನಮ್ಮೂರಿನಿಂದ ಹೋಗುತ್ತಾರೆ. ಒಂದೇ ರಾತ್ರಿಯ ಆಟ, ಪಾತ್ರಧಾರಿಗಳೆಲ್ಲ ಹೊಸ ಮುಖ, ಎದುರು ನಿಂತ ರಾಜ ಮಾತು ಮರೆತರೆ ಅವನ ಮಾತನ್ನೂ ತಾನೇ ಪೋಣಿಸಿಕೊಂಡು ದೃಶ್ಯ ದಾಟಿಸುವವಳು ರಾಣಿ. ಕಂದಗಲ್ಲ ಹನುಮಂತರಾಯರ 'ರಕ್ತರಾತ್ರಿ'ಯ ದ್ರೌಪದಿಯನ್ನು ಬೆಳಗಿನ ಜಾವದವರೆಗೆ ಹೊತ್ತು ನಿಲ್ಲುವ ಗಂಟಲು ಈ ಹೆಣ್ಣುಮಕ್ಕಳದು. ಆಟ ಮುಗಿದು ಮೊದಲ ಬಸ್ಸಿಗೆ ಬಣ್ಣದ ಪೆಟ್ಟಿಗೆ ಹಿಡಿದು ಬಂದಿಳಿದವರನ್ನು ನೋಡಿದ ಕಣ್ಣುಗಳು ಊರಲ್ಲಿ ಬೇಕಾದಷ್ಟಿವೆ. ಬಂದ ಗೌರವ ಮಾತ್ರ ಆ ಶ್ರಮಕ್ಕೆ ಸಾಲದು.

ಊರಿಗೆ ಬಂದ ಅತಿ ದೊಡ್ಡ ಗೌರವ ಮಂಜಮ್ಮ ಜೋಗತಿಯವರದು. ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಜೋಗತಿಯಾಗಿ, ಮನೆಯವರಿಂದ ದೂರವಾಗಿ, ಇಡ್ಲಿ ಮಾರಿ ಬದುಕಿ, ಕಾಳವ್ವ ಜೋಗತಿಯ ತಂಡ ಸೇರಿ ಜೋಗತಿ ನೃತ್ಯವನ್ನು ಗುಡಿಯಂಗಳದಿಂದ ರಂಗಕ್ಕೆ ತಂದವರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ದೃಷ್ಟಿ ತೆಗೆದ ದೃಶ್ಯ ದೇಶವೆಲ್ಲ ನೋಡಿತು. ಅವರ ಬದುಕನ್ನು ಅರುಣ್ ಜೋಳದಕೂಡ್ಲಿಗಿ 'ನಡುವೆ ಸುಳಿವ ಹೆಣ್ಣು' ಎಂದು ನಿರೂಪಿಸಿದರು. ಇಲ್ಲೂ ಗಮನಿಸಿ: ಹೇಳಿದವರು ಮಂಜಮ್ಮ, ಬರೆದವರು ಈ ಸೀಮೆಯದೇ ಸಂಶೋಧಕ, ಮತ್ತು ಹೇಳಿದವರ ಹೆಸರು ಪುಸ್ತಕದ ಮೇಲೆ ಮೊದಲು ಬರುತ್ತದೆ. ದರೋಜಿಯಲ್ಲಿ ಶುರುವಾದ ಹೊಸ ಲೆಕ್ಕ ಮರಿಯಮ್ಮನಹಳ್ಳಿಗೂ ಬಂದು ಮುಟ್ಟಿತು.

ನುಡಿಹಬ್ಬದ ಸಂಜೆ ಸುಮ್ಮನೆ ನಡೆಯುವುದಿಲ್ಲ. ವೇದಿಕೆ ಒರೆಸುವವರು, ಪ್ರಮಾಣಪತ್ರಗಳನ್ನು ಹೆಸರಿನ ಸರದಿಯಲ್ಲಿ ಜೋಡಿಸುವ ಗುಮಾಸ್ತರು, ದೀಪ-ಮೈಕಿನವರು, ಸಾವಿರಾರು ಎಲೆ ಊಟ ಬಡಿಸುವವರು. ಇವರಲ್ಲಿ ತಾತ್ಕಾಲಿಕ ನೌಕರರೂ ಇದ್ದಾರೆ. ಕಳೆದ ಕೆಲವು ವರ್ಷಗಳಿಂದ ವಿಶ್ವವಿದ್ಯಾಲಯಕ್ಕೆ ಬರಬೇಕಾದ ಅನುದಾನ ಸೊರಗಿ, ತಾತ್ಕಾಲಿಕ ನೌಕರರ ಸಂಬಳ ಬಾಕಿ, ಕರೆಂಟ್ ಬಿಲ್ ಬಾಕಿ ಎಂಬ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದನ್ನು ಎಲ್ಲರೂ ಓದಿದ್ದೇವೆ. ಕನ್ನಡಕ್ಕೆಂದೇ ಕಟ್ಟಿದ ಒಂದೇ ವಿಶ್ವವಿದ್ಯಾಲಯವನ್ನು ಕರೆಂಟ್ ಬಿಲ್ಲಿಗೆ ಪರದಾಡಿಸಿ, ನವೆಂಬರ್ ಒಂದರಂದು ಬಾವುಟ ಹಾರಿಸುವ ಸರ್ಕಾರಗಳಿಗೆ, ಯಾವ ಪಕ್ಷದ್ದೇ ಆಗಿರಲಿ, ನಾಚಿಕೆ ಆಗಬೇಕು. ನಾಡೋಜರಿಗೆ ಶಾಲು ಹೊದಿಸುವ ಕೈ ಆ ಸಂಜೆಯನ್ನು ಕಟ್ಟಿದವರ ಸಂಬಳವನ್ನೂ ಹೊತ್ತಿಗೆ ಸರಿಯಾಗಿ ಕೊಡಬೇಕು. ಇದನ್ನು ಹೇಳದೆ ನುಡಿಹಬ್ಬವನ್ನು ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ.

ಕೊನೆಗೆ ನಮ್ಮೂರಿನವರಲ್ಲಿ ಒಂದು ಬಿನ್ನಹ. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ನಾಟಕದ ಹಳೆಯ ಕರಪತ್ರ, ಕೈಬರಹದ ನಾಟಕದ ನೋಟ್‌ಬುಕ್ಕು, ರಂಗಗೀತೆಗಳನ್ನು ಬರೆದಿಟ್ಟ ಡೈರಿ, ಪಾತ್ರದ ವೇಷದಲ್ಲಿ ತೆಗೆಸಿದ ಫೋಟೊ ಇದ್ದರೆ ರದ್ದಿಗೆ ಹಾಕಬೇಡಿ. ಫೋಟೊದ ಹಿಂದೆ ಇಸವಿ, ಊರು, ಪಾತ್ರದ ಹೆಸರು ಬರೆದಿಡಿ. ಹಿರಿಯ ಕಲಾವಿದೆಯರು, ಪೇಟಿ ಮಾಸ್ತರರು ಇರುವಾಗಲೇ ಅವರ ಪಕ್ಕ ಕೂತು ಮೊಬೈಲಿನಲ್ಲಾದರೂ ಅವರ ಹಾಡು, ಮಾತು ಹಿಡಿದಿಡಿ. ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಶಾಸ್ತ್ರಕ್ಕೂ ಜಾನಪದಕ್ಕೂ ವಿಭಾಗಗಳಿವೆ. ಹೊಸಪೇಟೆಗೆ ಒಂದು ಬಸ್ಸು, ಅಲ್ಲಿಂದ ಕಮಲಾಪುರದ ಕಡೆ ಇನ್ನೊಂದು. ಅಲ್ಲಿಗೆ ಹೋಗಿ ಇವುಗಳ ಪ್ರತಿ ಮಾಡಿಸಿಕೊಡಿ. ನಮ್ಮ ಮಕ್ಕಳಲ್ಲಿ ಯಾರಾದರೂ ಮುಂದೆ ಮರಿಯಮ್ಮನಹಳ್ಳಿಯ ರಂಗಭೂಮಿಯ ಬಗ್ಗೆ ಪ್ರಬಂಧ ಬರೆಯುವುದಾದರೆ, ಅವರ ಕೈಗೆ ಸಿಗಬೇಕಾದ ಸಾಮಗ್ರಿ ಈಗ ನಮ್ಮ ಮನೆಗಳಲ್ಲೇ ಇದೆ.